ತಾಂಡಾದ ಕಸೂತಿ, ಸಿದ್ದಿಯರ ಕೌದಿ: ಕಲಾವಿದರಿಗೆ ದುಡ್ಡು, ಗೋಡೆ, ಜಾಗ ಒದಗಿಸುವುದು ಹೇಗೆ?

ಹುಬ್ಬಳ್ಳಿಯಿಂದ ಕಲಘಟಗಿ ಸುಮಾರು 30 ಕಿಲೋಮೀಟರ್. ಅದನ್ನು ದಾಟಿ ಯಲ್ಲಾಪುರದ ಕಡೆ ಹೊರಟರೆ ಕಾಡು ಹತ್ತಿರವಾಗುತ್ತದೆ. ಅಲ್ಲೇ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಒಂದು ಮನೆಯ ಪಡಸಾಲೆಯಲ್ಲಿ ಕೂತು ಕೌದಿ, ಅಂದರೆ ಹಳೆ ಬಟ್ಟೆಯ ಚೂರು ಜೋಡಿಸಿದ ಹೊದಿಕೆ, ಹೊಲಿಯುವುದನ್ನು ಹತ್ತಿರದಿಂದ ನೋಡಿದೆ. ಕೆಳಗೆ ಹಳೆಯ ಸೀರೆ ಹಾಸಿದ್ದರು. ಹೊಲಿಗೆ ಒಂದು ಮೂಲೆಯಿಂದ ಶುರುವಾಯಿತು. ಚೂರು ಬಟ್ಟೆ ಇಡುವುದು, ಅದರ ಅಂಚನ್ನು ಬೆರಳಲ್ಲಿ ಮಡಚುವುದು, ದಪ್ಪ ದಾರದಲ್ಲಿ ಸಾಲು ಹೊಲಿಗೆ ಎಳೆಯುವುದು. ಅಂಚಿನಗುಂಟ ಒಂದು ಸುತ್ತು, ಅದರ ಒಳಗೆ ಇನ್ನೊಂದು ಸುತ್ತು. ಹೀಗೆ ಸುತ್ತುತ್ತಾ ಕೌದಿ ನಡುವಿಗೆ ಬಂದು ಮುಗಿಯುತ್ತದೆ. ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ಸಣ್ಣ ತ್ರಿಕೋನದ ಬಟ್ಟೆ ಕೂರಿಸುತ್ತಾರೆ. ಅದಕ್ಕೆ ‘ಫೂಲ’ ಅಂತ ಹೆಸರು. ‘ಫೂಲ ಇಲ್ದಿದ್ರ ಕೌದಿ ಬತ್ಲೆ ಇದ್ದಂಗ ನೋಡ್ರೀ’ ಅಂದರು ಹೊಲಿಯುತ್ತಿದ್ದ ಅಕ್ಕ.

ಕೆಲವು ತಿಂಗಳಾದ ಮೇಲೆ ಅಂಥದ್ದೇ ಕೌದಿಯನ್ನು ಪೇಟೆಯ ಒಂದು ಮೇಳದಲ್ಲಿ ಕಂಡೆ. ಬೆಲೆಯ ಚೀಟಿ ಇತ್ತು. ಹೊಲಿದವರ ಹೆಸರಿಲ್ಲ, ಊರಿನ ಹೆಸರಿಲ್ಲ. ಮೂಲೆಯ ಫೂಲ ಕತ್ತರಿಸಿ ತೆಗೆದು, ಅಂಚಿಗೆ ಲೇಸು ಹಚ್ಚಿದ್ದರು. ನೋಡಿ ಬಹಳ ಸಂಕಟವಾಯಿತು.

ನಮ್ಮ ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಕಲಾವಿದರಿಗೆ ಏನಾದರೂ ಮಾಡಬೇಕು ಅನ್ನುವ ಮನಸ್ಸಿನವರು ಕಡಿಮೆ ಇಲ್ಲ. ಯುವಕ ಮಂಡಳಗಳಿವೆ, ಕಾಲೇಜುಗಳಿವೆ, ಮಹಿಳಾ ಸಂಘಗಳಿವೆ. ಆದರೆ ಹೆಚ್ಚಿನ ಸಲ ಆಗುವುದೇನು? ಮೆರವಣಿಗೆಗೆ ಕರೆಯುತ್ತಾರೆ, ಶಾಲು ಹೊದಿಸುತ್ತಾರೆ, ಬಸ್ಸಿಗೆ ಕಳಿಸುತ್ತಾರೆ. ನಾನು ಇಲ್ಲಿ ಹೇಳುವುದು ಬೇರೆ ಕೆಲಸ. ಸರಿಯಾದ ದುಡ್ಡು, ಹೆಸರಿನ ಜೊತೆ ಪ್ರದರ್ಶನ, ಅವರದೇ ಹಿಡಿತದಲ್ಲಿರುವ ಒಂದು ಜಾಗ. ನಾವು ಕೆಲವರು ಸೇರಿ ಮಾಡುತ್ತಾ, ತಪ್ಪುತ್ತಾ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ಹೋಗಿ ಕೂತು ಮಾತಾಡಿ

ಮೊದಲ ಭೇಟಿಗೆ ಬ್ಯಾನರ್ ಬೇಡ, ಕ್ಯಾಮೆರಾ ಬೇಡ. ಲಂಬಾಣಿಗರು ನೆಲೆಸಿರುವ ತಾಂಡಾಕ್ಕೆ ಹೋದರೆ ಅಲ್ಲಿನ ಮುಖ್ಯಸ್ಥರಾದ ನಾಯಕ, ಕಾರಭಾರಿ ಅವರನ್ನು ಕಂಡು ಬಂದ ಕಾರಣ ಹೇಳಿ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಸೂಜಿ ಹಿಡಿಯುವವರು ಹೆಣ್ಣುಮಕ್ಕಳು. ಕಟ್ಟೆಯ ಮೇಲೆ ಗಂಡಸರ ಜೊತೆ ಆದ ಮಾತು ಹೊಲಿಯುವವರ ಮಾತಲ್ಲ. ಒಬ್ಬ ಮಹಿಳೆ ನಿಮ್ಮ ತಂಡದಲ್ಲಿ ಇದ್ದರೆ ಒಳ್ಳೆಯದು. ಮಧ್ಯಾಹ್ನ ಕೆಲಸ ಮುಗಿದ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು.

ಯಾರು ಎಲ್ಲಿದ್ದಾರೆ ಅನ್ನುವುದು ಮೊದಲು ಸ್ಪಷ್ಟವಾಗಿರಲಿ. ಕಲಘಟಗಿ ಕಡೆ ಸಿದ್ದಿಯರು. ಅವರ ಕೈಯಲ್ಲಿ ಕೌದಿ, ಅವರ ಕುಣಿತದಲ್ಲಿ ಡಮಾಮಿ (ಅದೇ ಹೆಸರಿನ ಡೋಲು ಬಾರಿಸುತ್ತಾ ಕುಣಿಯುವುದು) ಮತ್ತು ಪುಗಡಿ. ಗದಗ ಜಿಲ್ಲೆಯ ಕಪ್ಪತಗುಡ್ಡದ ಸುತ್ತ, ಶಿರಹಟ್ಟಿ, ಮುಂಡರಗಿ, ಗಜೇಂದ್ರಗಡದ ಕಡೆ, ಹಾಗೇ ಹಾವೇರಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳು. ಹುಬ್ಬಳ್ಳಿಯ ಮೇದಾರ ಓಣಿಯಂಥ ಕಡೆ ಬಿದಿರಿನ ಬುಟ್ಟಿ, ಮೊರ ಹೆಣೆಯುವ ಮೇದಾರರು. ಇವರ ಜೊತೆಗೆ ಊರೂರು ತಿರುಗುವ ಹಗಲುವೇಷದವರು, ತೊಗಲುಗೊಂಬೆಯವರು.

ಎಲ್ಲರನ್ನೂ ಸುಮ್ನೆ ‘ಬುಡಕಟ್ಟು’ ಅಂತ ಒಂದೇ ಪಟ್ಟಿಗೆ ಸೇರಿಸಬೇಡಿ. ಇದು ಬರೀ ಮಾತಿನ ವಿಷಯ ಅಲ್ಲ, ಅರ್ಜಿಯ ವಿಷಯ. ಮೇದಾರರು ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡ. ಸಿದ್ದಿಯರು ಉತ್ತರ ಕನ್ನಡದಲ್ಲಿ 2003ರಲ್ಲಿ ಆ ಪಟ್ಟಿಗೆ ಬಂದರು. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯ ಸಿದ್ದಿಯರು ಬಂದಿದ್ದು 2020ರ ತಿದ್ದುಪಡಿಯಲ್ಲಿ. ಅಂದರೆ ಜಿಲ್ಲೆಯ ಗಡಿಯ ಆಚೆ ಇದ್ದ ಅಕ್ಕನಿಗೆ ಸಿಕ್ಕ ಪ್ರಮಾಣಪತ್ರ ಈಚೆ ಇದ್ದ ತಂಗಿಗೆ ಸಿಗಲು 17 ವರ್ಷ ಬೇಕಾಯಿತು. ಇಂದಿಗೂ ಕೆಲವು ಮನೆಗಳಲ್ಲಿ ಆ ಪತ್ರ ಮಾಡಿಸಿಲ್ಲ. ಲಂಬಾಣಿಗರು ಪರಿಶಿಷ್ಟ ಜಾತಿಯಲ್ಲಿದ್ದಾರೆ. ಅವರಿಗಾಗಿ ತಾಂಡಾ ಅಭಿವೃದ್ಧಿ ನಿಗಮ ಬೇರೆ ಇದೆ. ತಪ್ಪು ಬಾಗಿಲು ತಟ್ಟಿದರೆ ಆರು ತಿಂಗಳು ವ್ಯರ್ಥ.

ಕಾಲವನ್ನೂ ಕೇಳಿ ತಿಳಿಯಿರಿ. ಸುಗ್ಗಿ ಮುಗಿದ ಮೇಲೆ ತಾಂಡಾದ ಎಷ್ಟೋ ಮನೆಯವರು ಗೋವಾ, ಮಂಗಳೂರು ಕಡೆ ದುಡಿಯಲು ಹೋಗುತ್ತಾರೆ. ದೀಪಾವಳಿಗೆ ಹುಡುಗಿಯರು ಹೂ ತರಲು ಹೋಗುವುದು, ಮನೆ ಮನೆಗೆ ಹೋಗಿ ‘ಮೇರಾ’ ಎಂಬ ಹಬ್ಬದ ಹಾಡು ಹಾಡುವುದು ತಾಂಡಾದ ದೊಡ್ಡ ಸಂಭ್ರಮ. ಆ ದಿನ ಪ್ರದರ್ಶನ ಇಟ್ಟು ‘ಯಾರೂ ಬರಲಿಲ್ಲ’ ಅಂದರೆ ತಪ್ಪು ನಮ್ಮದೇ ಅಲ್ವಾ?

ಹೆಜ್ಜೆ 2: ಬೆಲೆಯನ್ನು ಅವರ ಜೊತೆ ಕೂತು ಲೆಕ್ಕ ಹಾಕಿ

ಈ ಹೆಜ್ಜೆಯನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ.

‘ಎಷ್ಟು ಕೊಡಬೇಕು?’ ಅಂತ ಕೇಳಿದರೆ ಆ ಅಕ್ಕ ‘ನೀವ ತಿಳದ್ ಕೊಡ್ರಿ’ ಅಂದುಬಿಡುತ್ತಾರೆ. ಅದು ಅವರ ಸಂಕೋಚ. ಅದನ್ನು ಬೆಲೆ ಅಂತ ತಿಳಿಯಬಾರದು. ಒಂದು ನೋಟುಬುಕ್ಕು ತೆಗೆದು ದಿನ, ಗಂಟೆ, ದಾರ, ಬಟ್ಟೆ ಎಲ್ಲ ಬರೆಯಿರಿ.

ಒಂದು ಉದಾಹರಣೆ ನೋಡೋಣ. ದಿನಕ್ಕೆ ನಾಲ್ಕು ಗಂಟೆಯಂತೆ 25 ದಿನ ಹೊಲಿದ ಕೌದಿ. ಒಟ್ಟು 100 ಗಂಟೆ. ಎಂಟು ಗಂಟೆಗೆ ಒಂದು ದಿನದ ಕೂಲಿ ಅಂದರೆ ಹನ್ನೆರಡೂವರೆ ದಿನ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕದಲ್ಲೇ ಕೂಲಿ 4,625 ರೂಪಾಯಿ ಆಯಿತು. ದಾರ, ಸೂಜಿ, ಹೊಸ ಬಟ್ಟೆ ಸೇರಿಸಿದ್ದರೆ ಅದು, ಬಸ್ ಚಾರ್ಜು ಬೇರೆ. ಇದು ಕಾಲುವೆ ಹೂಳು ತೆಗೆಯುವ ಕೆಲಸಕ್ಕೆ ಸಿಗುವ ಕೂಲಿ ಮಾತ್ರ. ಅವ್ವನಿಂದ, ಅಜ್ಜಿಯಿಂದ ಬಂದ ಕೈಚಳಕದ ಬೆಲೆ ಇನ್ನೂ ಸೇರಿಲ್ಲ. ಈಗ ಹೇಳಿ, ಅದನ್ನು 1,500ಕ್ಕೆ ಕೇಳುವುದು ಹೇಗೆ ಸರಿ?

ಈ ಲೆಕ್ಕ ಬರೆದ ಹಾಳೆಯನ್ನು ಕೌದಿಯ ಪಕ್ಕದಲ್ಲೇ ಹಚ್ಚಿದ್ದೆವು. ಗಿರಾಕಿಗಳು ನಿಂತು ಓದಿದರು. ಚೌಕಾಸಿ ಬಹಳ ಕಡಿಮೆಯಾಯಿತು.

ದುಡ್ಡು ಕೊಡುವ ಕ್ರಮವೂ ಮೊದಲೇ ಮಾತಾಗಲಿ. ಹೊಸದಾಗಿ ಹೊಲಿಸುವುದಾದರೆ ಅರ್ಧ ಮುಂಗಡ, ಉಳಿದದ್ದು ವಸ್ತು ಕೈಗೆ ಬಂದ ದಿನವೇ. ‘ಮಾರಾಟವಾದ ಮೇಲೆ ಕೊಡ್ತೀವಿ’ ಅನ್ನುವ ಅಂಗಡಿಗಳಿಗೆ ನಮ್ಮ ಗುಂಪಿನ ಆರು ಲಂಬಾಣಿ ಚೀಲ ಕೊಟ್ಟಿದ್ದೆವು. ಒಂದು ಅಂಗಡಿಯವರು ನಾಲ್ಕು ತಿಂಗಳು ಇಟ್ಟುಕೊಂಡು, ಮೂರು ಚೀಲವನ್ನು ಕನ್ನಡಿ ಒಡೆದ ಸ್ಥಿತಿಯಲ್ಲಿ ವಾಪಸ್ ಕೊಟ್ಟರು. ಅಂದಿನಿಂದ ನಾವು ಹಾಗೆ ಕೊಡುವುದನ್ನು ನಿಲ್ಲಿಸಿದ್ದೇವೆ.

ಹೆಜ್ಜೆ 3: ದುಡ್ಡು ಎಲ್ಲಿಂದ?

ಮೊದಲು ನಿಮ್ಮದೇ ಒಂದು ಸಣ್ಣ ನಿಧಿ ಕಟ್ಟಿ. 20 ಜನ ತಿಂಗಳಿಗೆ 500 ರೂಪಾಯಿ ಹಾಕಿದರೆ ತಿಂಗಳಿಗೆ 10,000. ವರ್ಷಕ್ಕೆ 1,20,000. ಬಟ್ಟೆ, ದಾರ, ಹಸಿ ಬಿದಿರು, ಡೋಲಿನ ಚರ್ಮ, ಪ್ರಯಾಣ, ಮುಂಗಡ ಇಷ್ಟಕ್ಕೆ ಈ ದುಡ್ಡು ಬಹಳ ಉಪಯೋಗಕ್ಕೆ ಬರುತ್ತದೆ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ. ಆ ಇಬ್ಬರಲ್ಲಿ ಒಬ್ಬರು ಕಲಾವಿದರೇ ಇರಲಿ. ಯಾವುದಕ್ಕೆ ಎಷ್ಟು ಅನ್ನುವುದನ್ನು ಅವರೂ ಕೂತು ನಿರ್ಧರಿಸಲಿ.

ಸರ್ಕಾರದ ದಾರಿಗಳು ಇವೆ. ಎಲ್ಲಕ್ಕೂ ಕಾಗದ ಬೇಕು, ಓಡಾಟ ಬೇಕು. ನೀವು ಮಾಡಬಹುದಾದ ದೊಡ್ಡ ಸಹಾಯ ಅಂದರೆ ಈ ಓಡಾಟವೇ.

ಕುಶಲಕರ್ಮಿಗಳಿಗೆ ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕೊಡುವ ‘ಪಹಚಾನ್’ ಗುರುತಿನ ಚೀಟಿ ಮೊದಲು ಮಾಡಿಸಿ. ಸರ್ಕಾರದ ಕರಕುಶಲ ಮೇಳಗಳಲ್ಲಿ ಮಳಿಗೆ ಕೇಳುವಾಗ ಇದೇ ಚೀಟಿ ಕೇಳುತ್ತಾರೆ. ರೈಲ್ವೆಯವರು 2022ರಲ್ಲಿ ಶುರು ಮಾಡಿದ ‘ಒಂದು ನಿಲ್ದಾಣ, ಒಂದು ಉತ್ಪನ್ನ’ ಯೋಜನೆಯಲ್ಲಿ ನಿಲ್ದಾಣದ ಮಳಿಗೆಗೆ ಅರ್ಜಿ ಹಾಕಲೂ ಇದು ನೆರವಾಗುತ್ತದೆ. ಸ್ವಸಹಾಯ ಸಂಘಗಳೂ ಆ ಮಳಿಗೆಗೆ ಅರ್ಜಿ ಹಾಕಬಹುದು. ಹುಬ್ಬಳ್ಳಿ ನಿಲ್ದಾಣದಲ್ಲಿ ದಿನಾ ಇಳಿಯುವ ಜನರನ್ನು ನೆನೆಸಿಕೊಳ್ಳಿ. ನಮ್ಮ ತಾಂಡಾದ ಚೀಲಕ್ಕೆ ಅದಕ್ಕಿಂತ ಒಳ್ಳೆಯ ಕಟ್ಟೆ ಎಲ್ಲಿದೆ?

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬುಟ್ಟಿ, ಚಾಪೆ ಹೆಣೆಯುವವರು, ಗೊಂಬೆ ಮಾಡುವವರು, ಕುಂಬಾರರು, ದರ್ಜಿಗಳು ಅದರಲ್ಲಿದ್ದಾರೆ. ಹಾಗಾಗಿ ಮೇದಾರರಿಗೆ ನೇರ ದಾರಿ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ, ಆಮೇಲೆ ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷದವರೆಗೆ ಸಾಲ. ಒಂದು ಮನೆಗೆ ಒಬ್ಬರಿಗೆ ಮಾತ್ರ. ಕಸೂತಿ, ಕೌದಿ ಆ 18ರಲ್ಲಿ ಬೇರೆಯಾಗಿ ಇಲ್ಲ ಅನ್ನುವುದು ನನಗೆ ಬೇಸರದ ವಿಷಯ. ಸಾಲವನ್ನು ಅವಸರದಲ್ಲಿ ಕೊಡಿಸಬೇಡಿ. ಮಾರಾಟದ ದಾರಿ ಕಾಣುವ ಮೊದಲೇ ಸಾಲ ಬಂದರೆ ಕಂತು ತೀರಿಸಲು ಮತ್ತೆ ಗೋವಾಕ್ಕೆ ಹೋಗಬೇಕಾಗುತ್ತದೆ.

ಹಾಡು, ಕುಣಿತ, ಗೊಂಬೆಯಾಟದವರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ. 58 ವರ್ಷ ದಾಟಿದ ಕಲಾವಿದರಿಗೆ ಮಾಸಾಶನ ಇದೆ. ರಾಜ್ಯ ಸರ್ಕಾರದ ಆನ್‌ಲೈನ್ ತಾಣ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಇಲ್ಲಿ ಎಲ್ಲರೂ ಎಡವುವುದು ಪುರಾವೆಯಲ್ಲಿ. 40 ವರ್ಷ ಡಮಾಮಿ ಬಾರಿಸಿದವರ ಮನೆಯಲ್ಲಿ ಶಾಲುಗಳಿರುತ್ತವೆ. ಒಂದು ಕಾಗದವೂ ಇರುವುದಿಲ್ಲ. ಆದ್ದರಿಂದ ನಿಮ್ಮ ಪ್ರತಿ ಕಾರ್ಯಕ್ರಮದಲ್ಲೂ ಆಮಂತ್ರಣ ಪತ್ರಿಕೆಯಲ್ಲಿ ಕಲಾವಿದರ ಪೂರ್ತಿ ಹೆಸರು ಹಾಕಿ. ತಾರೀಖು, ಊರು, ಸಹಿ ಇರುವ ಪ್ರಮಾಣಪತ್ರ ಕೊಡಿ. ಒಂದು ಫೋಟೊ ಪ್ರಿಂಟ್ ಹಾಕಿಸಿ ಕೊಡಿ. ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಅಡ್ಡಹೆಸರು ಒಂದು ಕಡೆ ಲಮಾಣಿ, ಇನ್ನೊಂದು ಕಡೆ ರಾಠೋಡ ಅಂತಿದ್ದರೆ ಬ್ಯಾಂಕಿನವರು ವಾಪಸ್ ಕಳಿಸುತ್ತಾರೆ.

ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ 96 ವರ್ಷ. ಆ ಸುದ್ದಿ ಕೇಳಿ ಕಣ್ಣು ತುಂಬಿತ್ತು. ನಮ್ಮ ಊರಿನವರನ್ನು ಅಷ್ಟು ವರ್ಷ ಕಾಯಿಸುವುದು ಬೇಡ.

ಸಂಘ ನೋಂದಣಿ ಮಾಡಿಸುವುದಾದರೆ ಕನಿಷ್ಠ ಏಳು ಜನ ಬೇಕು. ಆ ಏಳರಲ್ಲಿ ಕಲಾವಿದರೇ ಹೆಚ್ಚು ಇರಲಿ. ಇಲಾಖೆಯ ಧನಸಹಾಯಕ್ಕೆ ನೋಂದಣಿ, ಆಡಿಟ್ ಆದ ಲೆಕ್ಕ, ಹಿಂದಿನ ಕಾರ್ಯಕ್ರಮಗಳ ಫೋಟೊ ಕೇಳುತ್ತಾರೆ. ಕಂಪನಿಗಳ ಹತ್ತಿರ ಹೋಗುವುದಾದರೂ ಇವೇ ಕಾಗದ. 2013ರ ಕಂಪನಿ ಕಾಯ್ದೆಯಲ್ಲಿ ಸಾಮಾಜಿಕ ಹೊಣೆಯ ದುಡ್ಡನ್ನು ಸಾಂಪ್ರದಾಯಿಕ ಕಲೆ ಮತ್ತು ಕರಕುಶಲಕ್ಕೆ ಖರ್ಚು ಮಾಡಲು ಅವಕಾಶವಿದೆ. ಕೇಳುವಾಗ ‘ಕಲೆಗೆ ಸಹಾಯ ಮಾಡಿ’ ಅನ್ನಬೇಡಿ. ‘12 ಹೆಣ್ಣುಮಕ್ಕಳಿಗೆ ಆರು ತಿಂಗಳ ಬಟ್ಟೆ, ದಾರ, ಕೂಲಿ, ಒಂದು ಪ್ರದರ್ಶನ, ಇಷ್ಟು ದುಡ್ಡು’ ಅಂತ ಒಂದೇ ಹಾಳೆಯಲ್ಲಿ ಬರೆದು ಕೊಡಿ.

ಹೆಜ್ಜೆ 4: ಪ್ರದರ್ಶನ

2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಲಂಬಾಣಿ ಕಸೂತಿಯ 1,755 ವಸ್ತುಗಳನ್ನು ಒಟ್ಟಿಗೆ ಇಟ್ಟರು. ಗಿನ್ನೆಸ್ ದಾಖಲೆಯಾಯಿತು. ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರ ಕೆಲಸ ಅದು. ಕನ್ನಡಿ ಕೂರಿಸುವುದು, ಕವಡೆ ಹೊಲಿಯುವುದು ನಮ್ಮ ಗದಗ, ಹಾವೇರಿ ತಾಂಡಾದ ಹಿರಿಯರಿಗೂ ಗೊತ್ತು. ಅವರ ಫೇಟಿಯಾ (ಲಂಗ), ಕಾಂಚಳಿ (ರವಿಕೆ) ಇನ್ನೂ ಟ್ರಂಕಿನಲ್ಲಿವೆ. ಸಂಡೂರಿನಲ್ಲಿ ಹೊಲಿಯುವವರನ್ನು ಹಿಡಿದು ನಿಲ್ಲಿಸಿದ ಒಂದು ಸಂಸ್ಥೆ ಇತ್ತು. ನಮ್ಮಲ್ಲಿ ಅದನ್ನು ಕಟ್ಟಬೇಕಾಗಿದೆ.

ಜಾಗ: ಧಾರವಾಡದ ಸರ್ಕಾರಿ ಆರ್ಟ್ ಗ್ಯಾಲರಿ, 1890ರಲ್ಲಿ ಶುರುವಾದ ಕರ್ನಾಟಕ ವಿದ್ಯಾವರ್ಧಕ ಸಂಘ, ಹುಬ್ಬಳ್ಳಿಯ ಸವಾಯಿ ಗಂಧರ್ವ ಸಭಾಂಗಣದಂಥವುಗಳಿಗೆ ಮೊದಲೇ ಪತ್ರ ಬರೆದು ದಿನ ಗೊತ್ತು ಮಾಡಿ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯ ಇದೆ. ಕಲಾವಿದರ ಮಾತು, ಹಾಡು ದಾಖಲಿಸಲು ಅಲ್ಲಿನ ವಿದ್ಯಾರ್ಥಿಗಳ ಸಹಾಯ ಕೇಳಬಹುದು. ಮಾರಾಟ ಮುಖ್ಯ ಅಂದರೆ ಸಭಾಂಗಣಕ್ಕಿಂತ ಜನ ಸೇರುವ ಕಡೆ ಹೋಗಿ. ಧಾರವಾಡದ ಕೃಷಿ ಮೇಳ, ಗದಗಿನ ತೋಂಟದಾರ್ಯ ಮಠದ ಜಾತ್ರೆ, ಲಕ್ಕುಂಡಿ ಉತ್ಸವ. ಮೇದಾರರ ಮೊರ, ಬುಟ್ಟಿಗೆ ಕೃಷಿ ಮೇಳದಂಥ ಜಾಗ ಇನ್ನೊಂದಿಲ್ಲ.

ಈಗ ಒಂದು ತಪ್ಪಿನ ಕಥೆ ಹೇಳಬೇಕು. ನಮ್ಮ ಮೊದಲ ಪ್ರದರ್ಶನದಲ್ಲಿ ಕೌದಿಗಳನ್ನು ಮೊಳೆಗೆ ಸಿಕ್ಕಿಸಿ ಗೋಡೆಗೆ ತೂಗುಹಾಕಿದೆವು. ಕೌದಿ ಭಾರ ಇರುತ್ತದೆ. ಸಂಜೆಯ ಹೊತ್ತಿಗೆ ಒಂದರ ಮೂಲೆ ಹರಿದು, ಫೂಲ ಕಿತ್ತು ಬಂತು. ಹೊಲಿದ ಅಜ್ಜಿ ಏನೂ ಅನ್ನಲಿಲ್ಲ. ಸೆರಗಿನಿಂದ ಸೂಜಿ ತೆಗೆದು ಅಲ್ಲೇ ನೆಲದ ಮೇಲೆ ಕೂತು ಹೊಲಿದರು. ಅವತ್ತು ಅವರ ಮುಖ ನೋಡಲು ನನಗೆ ಆಗಲಿಲ್ಲ.

ಸರಿಯಾದ ಕ್ರಮ ಇದು. ಕೌದಿಯ ಹಿಂಬದಿಗೆ, ಮೇಲಿನ ಅಂಚಿನಗುಂಟ, ನಾಲ್ಕು ಇಂಚು ಅಗಲದ ಹತ್ತಿ ಬಟ್ಟೆಯ ಪಟ್ಟಿಯನ್ನು ಕೈಯಲ್ಲೇ ಹೊಲಿಯಿರಿ. ಎರಡೂ ತುದಿ ತೆರೆದಿರಲಿ. ಅದರೊಳಗೆ ಬಿದಿರಿನ ಗಳ ತೂರಿಸಿ, ಗಳದ ಎರಡು ತುದಿಗೆ ಹಗ್ಗ ಕಟ್ಟಿ ತೂಗುಹಾಕಿ. ಭಾರ ಪೂರ್ತಿ ಅಂಚಿಗೆ ಹಂಚಿಹೋಗುತ್ತದೆ. ಗಳವನ್ನು ಮೇದಾರ ಓಣಿಯಲ್ಲೇ ಕೊಳ್ಳಿ. ಬಿಸಿಲು ಬೀಳುವ ಕಿಟಕಿಯ ಎದುರು ಬೇಡ, ಬಣ್ಣ ಹೋಗುತ್ತದೆ. ಕನ್ನಡಿ ಕಸೂತಿಗೆ ಪಕ್ಕದಿಂದ ಬೆಳಕು ಬಿದ್ದರೆ ಚಂದ.

ಪ್ರತಿ ವಸ್ತುವಿಗೂ ಚೀಟಿ. ಹೊಲಿದವರ ಹೆಸರು, ಊರು, ಯಾವ ಬಟ್ಟೆ, ಎಷ್ಟು ದಿನ, ಬೆಲೆ. ಹೆಸರು ಹಾಕಬಹುದಾ ಅಂತ ಕೇಳಿ. ಒಬ್ಬ ಅಕ್ಕ ‘ನನ್ ಹೆಸರ ಯಾಕ ಬೇಕ್ರೀ’ ಅಂದಿದ್ದರು. ಬರೆದು ಹಚ್ಚಿದ ಮೇಲೆ ಮಗಳನ್ನು ಕರೆತಂದು ‘ಓದು’ ಅಂತ ಎರಡು ಸಲ ಓದಿಸಿದರು. ಮಾರಿದ ದುಡ್ಡಿಗೆ ಯುಪಿಐ ಚೀಟಿ ಅವರದೇ ಖಾತೆಯದ್ದಿರಲಿ. ಫೋಟೊಗೂ ಒಪ್ಪಿಗೆ ಕೇಳಿ. ವಿನ್ಯಾಸದ ಹತ್ತಿರದ ಫೋಟೊ ಎಲ್ಲರಿಗೂ ಹಂಚಬೇಡಿ. ಅದನ್ನೇ ಬಟ್ಟೆಯ ಮೇಲೆ ಪ್ರಿಂಟ್ ಹೊಡೆದು ಮಾರುವವರಿದ್ದಾರೆ.

ಕುಣಿತ, ವಾದನ ಇದ್ದರೆ ಹೇಳಿದ ಹೊತ್ತಿಗೇ ಶುರು ಮಾಡಿ. ಒಮ್ಮೆ ಅತಿಥಿಗಳು ತಡವಾಗಿ ಬಂದರು ಅಂತ ಡಮಾಮಿ ತಂಡವನ್ನು ಮೂರು ಗಂಟೆ ವೇಷದಲ್ಲೇ ಕೂರಿಸಿದ್ದನ್ನು ಕಂಡಿದ್ದೇನೆ. ಊಟವನ್ನೂ ಕೊಟ್ಟಿರಲಿಲ್ಲ. ಅತಿಥಿ ಬರಲಿ ಬಿಡಲಿ, ಕಲಾವಿದರದ್ದೇ ಕಾರ್ಯಕ್ರಮ. ಖರ್ಚಿನ ಪಟ್ಟಿಯಲ್ಲಿ ಸಂಭಾವನೆಯನ್ನು ಮೊದಲ ಸಾಲಿಗೆ ಬರೆಯಿರಿ, ಹಾರ-ಶಾಲನ್ನು ಕೊನೆಗೆ. ದುಡ್ಡು ಉಳಿಯದಿದ್ದರೆ ಶಾಲು ಬಿಡಿ. ಹೋಗಿಬರುವ ವಾಹನ, ಎರಡು ಹೊತ್ತಿನ ಊಟ, ಹೆಣ್ಣುಮಕ್ಕಳಿಗೆ ಬಾಗಿಲು ಹಾಕಿಕೊಳ್ಳುವ ಕೋಣೆ, ಶೌಚಾಲಯ, ಮಗುವಿಗೆ ಜೋಳಿಗೆ ಕಟ್ಟುವ ಜಾಗ, ಇದೆಲ್ಲ ನೋಡಿಕೊಂಡ ಮೇಲೆಯೇ ದಿನ ಪ್ರಕಟಿಸಿ.

ಹೆಜ್ಜೆ 5: ಕೂತು ಕೆಲಸ ಮಾಡುವ ಜಾಗ

ಪ್ರದರ್ಶನ ಎರಡು ದಿನ. ಉಳಿದ ದಿನ ಏನು? ತಾಂಡಾದ ಮನೆಗಳು ಸಣ್ಣವು. ಕೌದಿ ಹರಡಲು ಜಾಗ ಇಲ್ಲ. ಮಳೆಗಾಲದಲ್ಲಿ ಹೊಲಿದದ್ದಕ್ಕೆ ಬೂಸಲು ಬರುತ್ತದೆ, ಇಲಿ ಕಡಿಯುತ್ತದೆ. ಒಂದು ಸಾಮಾನ್ಯ ಕೋಣೆ ಇದ್ದರೆ ನಾಲ್ಕು ಜನ ಸೇರುತ್ತಾರೆ, ಹಾಡು ಹೇಳುತ್ತಾರೆ, ಚಿಕ್ಕ ಹುಡುಗಿಯರು ಪಕ್ಕದಲ್ಲಿ ಕೂತು ಕಲಿಯುತ್ತಾರೆ.

ಹೊಸ ಕಟ್ಟಡದ ಕನಸು ಬೇಡ. ಇರುವುದನ್ನು ಕೇಳಿ. ಸಮುದಾಯ ಭವನ ವರ್ಷದಲ್ಲಿ ಹತ್ತಿಪ್ಪತ್ತು ದಿನ ಮದುವೆಗೆ ಬಿಟ್ಟರೆ ಖಾಲಿ ಬಿದ್ದಿರುತ್ತದೆ. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಕೋಣೆಯಾದರೆ ಶಿಕ್ಷಣ ಇಲಾಖೆಯ ಒಪ್ಪಿಗೆಯೂ ಬೇಕು. ಗ್ರಾಮ ಸಭೆಯಲ್ಲಿ ಹೊಲಿಯುವ ಹೆಣ್ಣುಮಕ್ಕಳೇ ಎದ್ದು ಕೇಳಲಿ, ನೀವು ಹಿಂದೆ ಕೂತಿರಿ. ಬಾಯಿಮಾತಿಗೆ ಒಪ್ಪಬೇಡಿ. ಪಂಚಾಯಿತಿಯಲ್ಲಿ ಠರಾವು ಆಗಲಿ. ಎಷ್ಟು ವರ್ಷ, ಕರೆಂಟ್ ಬಿಲ್ ಯಾರದ್ದು, ರಿಪೇರಿ ಯಾರದ್ದು, ಚುನಾವಣೆಯಲ್ಲಿ ಪಂಚಾಯಿತಿ ಬದಲಾದರೂ ಇದು ನಡೆಯುತ್ತದಾ, ಇವೆಲ್ಲ ಅದರಲ್ಲಿ ಬರಲಿ. ಪ್ರತಿಯನ್ನು ಕೇಳಿ ಇಸಿದುಕೊಳ್ಳಿ.

ಒಳಗೆ ಬೇಕಾದದ್ದು ಕಡಿಮೆ. ಹಗಲು ಬೆಳಕು ಬರುವ ಎರಡು ಕಿಟಕಿ. ದೊಡ್ಡ ಜಮಖಾನ. ಇಲಿ ಹೋಗದ ಎರಡು ತಗಡಿನ ಟ್ರಂಕು, ಒಳಗೆ ಒಣ ಬೇವಿನ ಸೊಪ್ಪು. ಫ್ಯಾನು, ಕುಡಿಯುವ ನೀರು. ಬಂದ ಬಟ್ಟೆ, ಹೋದ ಕೌದಿ, ಬಂದ ರೊಕ್ಕ ಬರೆಯಲು ಒಂದು ದಪ್ಪ ರಿಜಿಸ್ಟರು. ಬರೆಯಲು ಓದಿದ ಹುಡುಗಿಯೊಬ್ಬಳನ್ನು ಅವರೇ ಆರಿಸಲಿ, ಆ ಕೆಲಸಕ್ಕೆ ನಿಧಿಯಿಂದ ತಿಂಗಳಿಗೆ ಇಷ್ಟು ಅಂತ ಕೊಡಿ. ಹುಬ್ಬಳ್ಳಿ, ಧಾರವಾಡದಲ್ಲಿ ಹಳೆ ಹತ್ತಿ ಸೀರೆ ಇರುವ ಮನೆಗಳು ಬೇಕಾದಷ್ಟಿವೆ. ತೊಳೆದು, ಒಣಗಿಸಿ, ಮಡಚಿ ಕಳಿಸಿ. ಹರಿದ ಪಾಲಿಯೆಸ್ಟರ್ ಬಟ್ಟೆಯ ಗಂಟು ತಂದು ಸುರಿಯಬೇಡಿ, ಅದರಲ್ಲಿ ಸೂಜಿ ಸರಿಯಾಗಿ ಓಡುವುದಿಲ್ಲ.

ಊರಿನಿಂದ ಯಾರಾದರೂ ನೋಡಲು ಬರುವುದಾದರೆ ಹಿಂದಿನ ದಿನ ಫೋನು ಮಾಡಿ ಕೇಳಿ. ಬೇಡ ಅಂದರೆ ಬೇಡ. ಬೀಗಕ್ಕೆ ಕೀಲಿ ಎರಡು ಮಾಡಿಸಿ. ಎರಡೂ ಹೊಲಿಯುವವರ ಹತ್ತಿರವೇ ಇರಲಿ.